ಎ100 ಮೇಲೆ ಸರಿ, ಎಎಂಡಿ ಮೇಲೆ ತಪ್ಪು: ಸಮಾಂತರ ಕೋಡ್‌ನಲ್ಲಿ ದೋಷ ಹುಡುಕುವ ಕ್ರಮ

ಒಂದೇ ಕೋಡ್ ಎಲ್ಲ ಯಂತ್ರಗಳ ಮೇಲೂ ಓಡಬೇಕು, ಎಲ್ಲ ಕಡೆ ವೇಗವಾಗಿಯೂ ಓಡಬೇಕು. ಕೊಕ್ಕೋಸ್, ಸಿಕಲ್, ರಾಜಾ, ಓಪನ್‌ಎಂಪಿ ಅನ್ನೋ ಪ್ರೋಗ್ರಾಮಿಂಗ್ ಸಾಧನಗಳೆಲ್ಲ ಇರೋದೇ ಇದಕ್ಕಾಗಿ. ಆದರೆ ಇವುಗಳಲ್ಲಿ ಬರೆದ ಮಾತ್ರಕ್ಕೆ ಕೋಡ್ ಎಲ್ಲ ಕಡೆಗೂ ಹೊಂದಿಕೊಳ್ಳೋದಿಲ್ಲ. ನಾವು ಮೊದಲು ಬರೆದು ಪರೀಕ್ಷಿಸಿದ ಯಂತ್ರದ ಗುಣಗಳು ನಮಗೇ ಗೊತ್ತಿಲ್ಲದೆ ಕೋಡ್ ಒಳಗೆ ಊಹೆಗಳಾಗಿ ಕೂತಿರುತ್ತವೆ. ಒಂದು ಗುಂಪಿನಲ್ಲಿ 32 ಥ್ರೆಡ್ (ಒಂದೇ ಕಾಲಕ್ಕೆ ಓಡುವ ಕೆಲಸದ ಎಳೆಗಳು) ಇರುತ್ತವೆ ಅನ್ನೋದು ಅಂಥ ಒಂದು ಊಹೆ. ಅರೇ ಅಡ್ಡಸಾಲಿನ ಕ್ರಮದಲ್ಲಿ ಮೆಮೊರಿಯಲ್ಲಿದೆ ಅನ್ನೋದು ಇನ್ನೊಂದು. ಯಂತ್ರ ಬದಲಾದ ದಿನ ಅವು ಹೊರಗೆ ಬರುತ್ತವೆ. ಹೊಸ ಕಾರ್ಡನ್ನೋ ಹೊಸ ಕಂಪೈಲರನ್ನೋ ಬೈಯುವ ಮೊದಲು ನಮ್ಮ ಕೋಡ್‌ನಲ್ಲಿ ಯಾವ ಊಹೆ ಮುರಿಯಿತು ಅಂತ ಹುಡುಕಬೇಕು.

ಪುಣೆಯಲ್ಲಿ ಈ ತೊಂದರೆ ಹೊಸದೇನಲ್ಲ. ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ 1991ರಲ್ಲಿ ಇಲ್ಲಿ ಕಟ್ಟಿದ ಸೂಪರ್‌ಕಂಪ್ಯೂಟರ್ ಪರಮ್ 8000 ಟ್ರಾನ್ಸ್‌ಪ್ಯೂಟರ್ ಚಿಪ್‌ಗಳ ಮೇಲೆ ಓಡುತ್ತಿತ್ತು. 1998ರ ಪರಮ್ 10000ರಲ್ಲಿ ಅಲ್ಟ್ರಾಸ್ಪಾರ್ಕ್ ಬಂತು. ಮುಂದಿನ ಪರಮ್ ಪದ್ಮದಲ್ಲಿ ಐಬಿಎಂನ ಪವರ್4. ಆಮೇಲೆ ಇಂಟೆಲ್. 2020ರ ಪರಮ್ ಸಿದ್ಧಿ-ಎಐನಲ್ಲಿ ಎನ್‌ವಿಡಿಯಾ ಕಂಪನಿಯ ಎ100 ಜಿಪಿಯು (ಸಾವಿರಾರು ಲೆಕ್ಕ ಒಟ್ಟಿಗೆ ಮಾಡುವ ಕಾರ್ಡ್). ಅಂದರೆ ಈ ಊರಲ್ಲಿ ಕೋಡ್ ಬರೆದವರು ಪ್ರತಿ ತಲೆಮಾರಿನಲ್ಲೂ ಹೊಸ ಚಿಪ್‌ಗೆ ಕೋಡ್ ಹೊಂದಿಸಿಕೊಂಡೇ ಬಂದಿದ್ದಾರೆ. ಈಗಿನ ಫರಕು ಏನಂದರೆ ಬೇರೆ ಬೇರೆ ಬಗೆಯ ಚಿಪ್‌ಗಳು ಒಂದೇ ಕಾಲಕ್ಕೆ ಬಳಕೆಯಲ್ಲಿವೆ. ಬೆಳಿಗ್ಗೆ ಎನ್‌ವಿಡಿಯಾ ಸಿಕ್ಕರೆ ಮಧ್ಯಾಹ್ನ ಎಎಂಡಿ ಕಂಪನಿಯ ಕಾರ್ಡ್ ಸಿಗಬಹುದು, ರಾತ್ರಿಗೆ ಬರೀ ಸಿಪಿಯು (ಸಾಮಾನ್ಯ ಪ್ರೊಸೆಸರ್) ಕ್ಯೂ ಖಾಲಿ ಇರಬಹುದು.

ಇಲ್ಲಿ ಹೇಳುವ ಕ್ರಮಕ್ಕೆ ಉದಾಹರಣೆಯಾಗಿ ಒಂದು ಪ್ರವಾಹದ ಮಾದರಿಯನ್ನು ಇಟ್ಟುಕೊಂಡಿದ್ದೇನೆ. ಪಾಷಾಣ್ ಕಡೆ ಇರುವ ನಮ್ಮ ಕನ್ನಡದ ಹುಡುಗರು ಸೇರಿ ಬರೆದದ್ದು. ಖಡಕ್‌ವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮುಠಾ ದಂಡೆಯ ಯಾವ ಭಾಗಕ್ಕೆ ಎಷ್ಟು ಹೊತ್ತಿಗೆ ನೀರು ಬರುತ್ತದೆ ಅಂತ ಲೆಕ್ಕ ಹಾಕುವ ಕೋಡ್. ನೆಲವನ್ನು ಚೌಕ ಕೋಶಗಳಾಗಿ ಕತ್ತರಿಸಿ, ಪ್ರತಿ ಕೋಶಕ್ಕೂ ನೀರಿನ ಆಳ, ಎರಡು ದಿಕ್ಕಿನ ಹರಿವು, ನೆಲದ ಎತ್ತರ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋಗುತ್ತದೆ. ಹೆಚ್ಚಿನ ಭಾಗ ಕೊಕ್ಕೋಸ್‌ನಲ್ಲಿದೆ. ಎರಡು ಕರ್ನಲ್ (ಜಿಪಿಯು ಮೇಲೆ ಓಡುವ ಫಂಕ್ಷನ್) ಮಾತ್ರ ಎನ್‌ವಿಡಿಯಾದ್ದೇ ಆದ ಹಳೆಯ ಕುಡಾದಲ್ಲೇ ಉಳಿದಿದ್ದವು. ಅವನ್ನು ಹಿಪಿಫೈ ಅನ್ನೋ ಪರಿವರ್ತಕ ಹಾಕಿ ಎಎಂಡಿಗೆ ತಿರುಗಿಸಿದ್ದರು. ಎ100 ಮೇಲೆ ಹುಟ್ಟಿದ ಕೋಡ್, ಬಾಡಿಗೆಗೆ ಸಿಕ್ಕ ಎಎಂಡಿ ಕಾರ್ಡ್ ಎಂಐ250ಎಕ್ಸ್ ಮೇಲೆ ಹೋಯಿತು. ಆಮೇಲೆ ಎರಡು ಸಾಕೆಟ್‌ನ (ಎರಡು ಪ್ರೊಸೆಸರ್ ಕೂರುವ) ಸಿಪಿಯು ಯಂತ್ರಕ್ಕೂ ಹೋಯಿತು.

ಮೊದಲ ಪ್ರಶ್ನೆ: ಅದು ಓಡುತ್ತಿರುವುದು ಎಲ್ಲಿ?

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಓಪನ್‌ಎಂಪಿಯಲ್ಲಿ ಟಾರ್ಗೆಟ್ ಅಂತ ಬರೆದರೂ ಜಿಪಿಯು ಸಿಗದಿದ್ದರೆ ಕೋಡ್ ಸುಮ್ನೆ ಸಿಪಿಯು ಮೇಲೆ ಓಡಿಬಿಡುತ್ತದೆ. ದೂರು ಇಲ್ಲ, ಎಚ್ಚರಿಕೆ ಇಲ್ಲ. ಉತ್ತರವೂ ಸರಿಯಾಗೇ ಬರುತ್ತದೆ. ಬರೀ ನಿಧಾನ ಅಷ್ಟೇ. ಓಪನ್‌ಎಂಪಿ 5.0ರಿಂದ ಇದಕ್ಕೊಂದು ದಾರಿ ಇದೆ. ಓಎಂಪಿ_ಟಾರ್ಗೆಟ್_ಆಫ್‌ಲೋಡ್ ಅನ್ನೋ ಪರಿಸರ ವೇರಿಯಬಲ್‌ಗೆ ಮ್ಯಾಂಡೇಟರಿ ಅಂತ ಕೊಡಿ. ಆಗ ಜಿಪಿಯು ಸಿಗದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ನನ್ನ ಪ್ರಕಾರ ಇದು ಪ್ರತಿ ಜಾಬ್ ಸ್ಕ್ರಿಪ್ಟ್‌ನಲ್ಲೂ ಇರಬೇಕು.

ಕೊಕ್ಕೋಸ್‌ನಲ್ಲಿ ಪ್ರಿಂಟ್ ಕಾನ್ಫಿಗರೇಶನ್ ಅನ್ನೋ ಫಂಕ್ಷನ್ ಇದೆ. ಶುರುವಿನಲ್ಲೇ ಕರೆದು ಅದರ ಔಟ್‌ಪುಟ್ಟನ್ನು ಲಾಗ್‌ಗೆ ಹಾಕಿ. ಯಾವ ಬ್ಯಾಕೆಂಡ್, ಯಾವ ಆರ್ಕಿಟೆಕ್ಚರ್‌ಗೆ ಕಂಪೈಲ್ ಆಗಿದೆ ಎಲ್ಲ ಅಲ್ಲಿ ಕಾಣುತ್ತದೆ. ಜೊತೆಗೆ ಇನ್ನೊಂದು ಟರ್ಮಿನಲ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ ಅಥವಾ ರಾಕ್ಎಂ-ಎಸ್‌ಎಂಐ ತೆರೆದಿಟ್ಟು ಕಾರ್ಡ್ ಕೆಲಸ ಮಾಡುತ್ತಿದೆಯೇ ಅಂತ ಕಣ್ಣಾರೆ ನೋಡಿ.

ಎಂಐ250ಎಕ್ಸ್ ಬಳಸುವವರಿಗೆ ಇಲ್ಲಿ ಒಂದು ಮಾತು. ಆ ಒಂದು ಕಾರ್ಡ್‌ನಲ್ಲಿ ಎರಡು ಚಿಪ್‌ಗಳಿವೆ. ಸಿಸ್ಟಮ್‌ಗೆ ಅದು ಎರಡು ಜಿಪಿಯುಗಳಾಗಿ ಕಾಣುತ್ತದೆ. ಒಂದು ಪ್ರೋಸೆಸ್ ಓಡಿಸಿದರೆ ಅರ್ಧ ಕಾರ್ಡ್ ಮಾತ್ರ ಕೆಲಸ ಮಾಡುತ್ತದೆ. ಕಂಪನಿ ಹೇಳುವ ಸೆಕೆಂಡಿಗೆ 3.2 ಟೆರಾಬೈಟ್ ಮೆಮೊರಿ ವೇಗ ಎರಡೂ ಚಿಪ್ ಸೇರಿದ್ದು. ಒಂದು ಚಿಪ್‌ನ ಅಳತೆಯನ್ನು ಅದರ ಜೊತೆ ಹೋಲಿಸಿ ‘ಅರ್ಧವೂ ಬರುತ್ತಿಲ್ಲ’ ಅಂದರೆ ಇಲ್ಲದ ದೋಷ ಹುಡುಕಿದ ಹಾಗೆ.

ಓಡೋದೇ ಇಲ್ಲ ಅಂದರೆ

ಇದು ಎಲ್ಲಕ್ಕಿಂತ ಸುಲಭ. ‘ಈ ಡಿವೈಸ್‌ಗೆ ಕರ್ನಲ್ ಇಮೇಜ್ ಇಲ್ಲ’ ಅನ್ನೋ ಅರ್ಥದ ದೋಷ ಬಂದರೆ ತಪ್ಪು ಆರ್ಕಿಟೆಕ್ಚರ್‌ಗೆ ಕಂಪೈಲ್ ಆಗಿದೆ. ಎನ್‌ವಿಡಿಯಾದಲ್ಲಿ ವಿ100ಗೆ ಎಸ್‌ಎಂ 70, ಎ100ಗೆ 80, ಎಚ್100ಗೆ 90. ಎಎಂಡಿಯಲ್ಲಿ ಎಂಐ200 ಸರಣಿಗೆ ಜಿಎಫ್‌ಎಕ್ಸ್ 90ಎ, ಎಂಐ300ಗೆ 942.

ಕರ್ನಲ್ ಶುರುವಾಗುವಾಗಲೇ ಬಿದ್ದರೆ ಹಂಚಿಕೆಯ ಮೆಮೊರಿ (ಒಂದು ಬ್ಲಾಕ್, ಅಂದರೆ ಒಂದು ತಂಡದ ಥ್ರೆಡ್‌ಗಳು ಸೇರಿ ಬಳಸುವ ಚಿಪ್ ಒಳಗಿನ ಸಣ್ಣ ಮೆಮೊರಿ) ಎಷ್ಟು ಕೇಳಿದ್ದೀರಿ ನೋಡಿ. ಎ100ನಲ್ಲಿ ಒಂದು ಬ್ಲಾಕ್‌ಗೆ 163 ಕಿಲೋಬೈಟ್‌ವರೆಗೆ ಕೇಳಿ ಪಡೆಯಬಹುದು. ಎಂಐ250ಎಕ್ಸ್‌ನಲ್ಲಿ ಮಿತಿ 64 ಕಿಲೋಬೈಟ್. ಎ100ಗೆ ಅಂತ 100 ಕಿಲೋಬೈಟ್ ಟೈಲ್ (ಒಂದು ಸಲಕ್ಕೆ ಅಲ್ಲಿ ತಂದಿಡುವ ಡೇಟಾ ತುಂಡು) ಮಾಡಿಕೊಂಡ ಕೋಡ್ ಅಲ್ಲಿ ಹಿಡಿಸೋದಿಲ್ಲ. ಟೈಲ್ ಅಳತೆ, ಟೀಮ್ (ಬ್ಲಾಕ್‌ಗೆ ಕೊಕ್ಕೋಸ್‌ನ ಹೆಸರು) ಅಳತೆ ಎರಡನ್ನೂ ಅಂಕಿಯಾಗಿ ಬರೆಯದೆ, ಓಡುವಾಗ ಯಂತ್ರವನ್ನು ಕೇಳಿ ತೀರ್ಮಾನಿಸಿ. ಟೀಮ್ ಅಳತೆಗೆ ಕೊಕ್ಕೋಸ್‌ನಲ್ಲಿ ಆಟೋ ಅಂತಲೇ ಕೊಡಬಹುದು.

‘ಅಕ್ರಮ ಮೆಮೊರಿ ವಿಳಾಸ’ ಅಂತ ಬಂದರೆ, ಕೋಡ್ ಸಿಪಿಯು ಮೇಲೆ ಸರಿಯಾಗಿ ಓಡುತ್ತಿದ್ದರೆ, ನಾನು ಮೊದಲು ನೋಡೋದು ಲ್ಯಾಂಬ್ಡಾ (ಹೆಸರಿಲ್ಲದ ಸಣ್ಣ ಫಂಕ್ಷನ್) ಒಳಗೆ ಕ್ಲಾಸ್‌ನ ಸದಸ್ಯ ವೇರಿಯಬಲ್ ಬಳಸಿದ್ದಾರೆಯೇ ಅಂತ. ಹೊರಗೆ ಬರೀ ಹೆಸರು ಕಂಡರೂ ಒಳಗೆ ಅದು ದಿಸ್ ಪಾಯಿಂಟರ್ ಮೂಲಕ ಹೋಗುತ್ತದೆ. ಆ ಪಾಯಿಂಟರ್ ಸಿಪಿಯು ಮೆಮೊರಿಯದ್ದು. ಸದಸ್ಯವನ್ನು ಮೊದಲು ಲೋಕಲ್ ವೇರಿಯಬಲ್‌ಗೆ ತೆಗೆದುಕೊಳ್ಳಿ, ಇಲ್ಲ ಕೊಕ್ಕೋಸ್‌ನ ಕ್ಲಾಸ್ ಲ್ಯಾಂಬ್ಡಾ ಮ್ಯಾಕ್ರೋ ಬಳಸಿ. ಎನ್‌ವಿಡಿಯಾದ ಗ್ರೇಸ್ ಹಾಪರ್‌ನಂಥ ಯಂತ್ರದಲ್ಲಿ ಜಿಪಿಯು ನೇರವಾಗಿ ಸಿಪಿಯು ಮೆಮೊರಿಯನ್ನು ಓದಬಲ್ಲದು. ಅಲ್ಲಿ ಈ ತಪ್ಪು ಮುಚ್ಚಿಹೋಗುತ್ತದೆ. ಅಲ್ಲಿ ಓಡಿತು ಅಂದ ಮಾತ್ರಕ್ಕೆ ಕೋಡ್ ಸರಿ ಇದೆ ಅಂತಲ್ಲ.

ಓಡುತ್ತದೆ, ಉತ್ತರ ತಪ್ಪು

ಸಮಯ ಹೋಗೋದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಮೊದಲು ‘ಬೇರೆ ಉತ್ತರ’ ಮತ್ತು ‘ತಪ್ಪು ಉತ್ತರ’ ಇವೆರಡನ್ನು ಬೇರೆ ಮಾಡಿಕೊಳ್ಳಿ. ದಶಮಾಂಶ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೆ ಕೊನೆಯ ಅಂಕಿಗಳು ಬದಲಾಗುತ್ತವೆ. ಸಮಾಂತರ ಕೋಡ್‌ನಲ್ಲಿ ಆ ಕ್ರಮ ಯಂತ್ರದಿಂದ ಯಂತ್ರಕ್ಕೆ ಬೇರೆ ಇರುತ್ತದೆ. ಅಟಾಮಿಕ್ (ಹಲವು ಥ್ರೆಡ್‌ಗಳು ಒಂದೇ ಜಾಗಕ್ಕೆ ಒಂದೊಂದಾಗಿ ಸೇರಿಸುವ ಸೂಚನೆ) ಬಳಸಿದರೆ ಒಂದೇ ಯಂತ್ರದಲ್ಲೂ ಪ್ರತಿ ಸಲ ಬೇರೆ ಆಗಬಹುದು. ಗುಣಾಕಾರ ಮತ್ತು ಸಂಕಲನವನ್ನು ಒಂದೇ ಸೂಚನೆಯಾಗಿ ಸೇರಿಸುವ ಎಫ್‌ಎಂಎ ಕೂಡ ಕೊನೆಯ ಅಂಕಿಯನ್ನು ಬದಲಿಸುತ್ತದೆ. ಕುಡಾ ಕಂಪೈಲರ್‌ನಲ್ಲಿ ಇದು ಮೊದಲೇ ಚಾಲೂ ಇರುತ್ತದೆ. ಪರೀಕ್ಷೆಗೆ ಎಫ್‌ಮ್ಯಾಡ್ ಆಯ್ಕೆಯನ್ನು ಫಾಲ್ಸ್ ಮಾಡಿ. ಕ್ಲ್ಯಾಂಗ್ ಇದ್ದರೆ ಎಫ್‌ಪಿ-ಕಾಂಟ್ರ್ಯಾಕ್ಟ್ ಆಯ್ಕೆಯನ್ನು ಆಫ್ ಮಾಡಿ. ವ್ಯತ್ಯಾಸ ಮಾಯವಾದರೆ ಅದು ಬರೀ ರೌಂಡಿಂಗ್.

ಪ್ರವಾಹದ ಮಾದರಿಯಲ್ಲಿ ಮಾತ್ರ ಈ ಸಣ್ಣ ವ್ಯತ್ಯಾಸ ದೊಡ್ಡದಾಗಿ ಕಾಣಬಹುದು. ಆಳ ಒಂದು ಮಿತಿಗಿಂತ ಕಡಿಮೆ ಇದ್ದರೆ ಕೋಶವನ್ನು ಒಣ ಅಂತ ಗುರುತು ಮಾಡುತ್ತೇವೆ. ಮಿತಿಯ ಅಂಚಿನಲ್ಲಿರುವ ಕೋಶ ಕೊನೆಯ ಅಂಕಿಯ ಫರಕಿಗೇ ಒಣಗಿನಿಂದ ಒದ್ದೆಗೆ ಹಾರುತ್ತದೆ. ಆದ್ದರಿಂದ ಕೋಶ ಕೋಶ ಹೋಲಿಸಬೇಡಿ. ಒಟ್ಟು ನೀರಿನ ಪ್ರಮಾಣ ನೋಡಿ. ಒಳಗೆ ಬಂದದ್ದು, ಹೊರಗೆ ಹೋದದ್ದು, ಉಳಿದದ್ದು ಲೆಕ್ಕಕ್ಕೆ ಸರಿಹೊಂದಬೇಕು. ನೀರು ಕಳೆದುಹೋಗುತ್ತಿದ್ದರೆ ಅದು ರೌಂಡಿಂಗ್ ಅಲ್ಲ, ದೋಷವೇ.

ಮುಠಾ ಕೋಡ್‌ನಲ್ಲಿ ಬಂದ ದೂರು ಹೀಗಿತ್ತು.

“ಅಕ್ಕಾ, ಎ100 ಮ್ಯಾಲ ಚಲೋ ಬರತೈತಿ. ಎಎಂಡಿ ಮ್ಯಾಲ ಹಾಕಿದ್ರ ಒದ್ದಿ ಕೋಶದ ಲೆಕ್ಕಾನ ಬ್ಯಾರೆ,” ಅಂದ ಬೈಲಹೊಂಗಲದ ಹುಡುಗ.

“ಎಷ್ಟು ಬ್ಯಾರೆ? ಜಾಸ್ತೀನೋ ಕಡಿಮೀನೋ?”

“ಒಮ್ಮೆ ಜಾಸ್ತಿ, ಒಮ್ಮೆ ಕಡಿಮಿ. ಎಲ್ಲಾ ಕಡೆ ನೀರು ತುಂಬಿಸಿದ್ರ ಮಾತ್ರ ಸರೀನ ಬರತೈತಿ ನೋಡ್ರಿ.”

ಆ ಕೊನೆಯ ಮಾತೇ ದಾರಿ ತೋರಿಸಿತು. ಒದ್ದೆ ಕೋಶ ಎಣಿಸುವ ಕೆಲಸ ಆ ಎರಡು ಹಳೆಯ ಕುಡಾ ಕರ್ನಲ್‌ಗಳಲ್ಲಿ ಒಂದರದ್ದು. ಎನ್‌ವಿಡಿಯಾದಲ್ಲಿ 32 ಥ್ರೆಡ್‌ಗಳು ಒಂದು ವಾರ್ಪ್. ಬ್ಯಾಲಟ್ ಅನ್ನೋ ಸೂಚನೆ ಕೊಟ್ಟರೆ ಪ್ರತಿ ಥ್ರೆಡ್‌ಗೆ ಒಂದು ಬಿಟ್‌ನಂತೆ 32 ಬಿಟ್‌ನ ಸಂಖ್ಯೆ ಬರುತ್ತದೆ. ಅದರಲ್ಲಿ ಎಷ್ಟು ಒಂದುಗಳಿವೆ ಅಂತ ಎಣಿಸಿ, ವಾರ್ಪ್‌ನ ಮೊದಲ ಥ್ರೆಡ್ ಅದನ್ನು ಒಟ್ಟಿಗೆ ಸೇರಿಸುತ್ತದೆ. ಎಎಂಡಿಯ ಇನ್‌ಸ್ಟಿಂಕ್ಟ್ ಕಾರ್ಡ್‌ಗಳಲ್ಲಿ ಗುಂಪು 64 ಥ್ರೆಡ್‌ಗಳದ್ದು. ಅದನ್ನು ವೇವ್‌ಫ್ರಂಟ್ ಅನ್ನುತ್ತಾರೆ. ಬ್ಯಾಲಟ್ ಅಲ್ಲಿ 64 ಬಿಟ್ ಕೊಡುತ್ತದೆ. ಅದನ್ನು 32 ಬಿಟ್‌ನ ವೇರಿಯಬಲ್‌ಗೆ ಹಾಕಿದರೆ ಮೇಲಿನ ಅರ್ಧ ಬಿದ್ದುಹೋಗುತ್ತದೆ. ಹಿಪಿಫೈ ಹೆಸರುಗಳನ್ನು ಬದಲಿಸಿತ್ತು, ಈ ಊಹೆಯನ್ನು ಬದಲಿಸಿರಲಿಲ್ಲ.

ಹಾಗಾದರೆ ಎಲ್ಲ ಕೋಶ ಒದ್ದೆ ಇದ್ದಾಗ ಅರ್ಧ ಬರಬೇಕಿತ್ತು, ಅಲ್ವಾ? ಸರಿ ಬಂದದ್ದು ಯಾಕೆ? ಯಾಕೆಂದರೆ ‘ಮೊದಲ ಥ್ರೆಡ್ ಯಾವುದು’ ಅನ್ನೋದನ್ನೂ 32ರಿಂದಲೇ ಲೆಕ್ಕ ಹಾಕಿದ್ದರು. 64ರ ಗುಂಪಿನಲ್ಲಿ 0ನೇ ಥ್ರೆಡ್ ಕೂಡ ಮೊದಲನೆಯದು, 32ನೇ ಥ್ರೆಡ್ ಕೂಡ ಮೊದಲನೆಯದು. ಇಬ್ಬರೂ ಕೆಳಗಿನ ಅರ್ಧದ ಎಣಿಕೆಯನ್ನೇ ಸೇರಿಸಿದರು. ಎಲ್ಲ ಒದ್ದೆ ಇದ್ದರೆ 32ಕ್ಕೆ 32 ಸೇರಿ 64. ಎರಡು ತಪ್ಪು ಸೇರಿ ಸರಿ ಉತ್ತರ!

ಇಂಥ ಕಡೆ ಒಂದೇ ಪರೀಕ್ಷೆ ಸಾಲದು. ಕೋಶದ ಕ್ರಮಸಂಖ್ಯೆಯನ್ನು 64ರಿಂದ ಭಾಗಿಸಿ ಶೇಷ ನೋಡಿ. ಎರಡು ಪರೀಕ್ಷೆ ಮಾಡಿ. ಒಂದರಲ್ಲಿ ಎಲ್ಲ ಕೋಶವೂ ಒದ್ದೆ. ಇನ್ನೊಂದರಲ್ಲಿ ಶೇಷ 32 ಅಥವಾ ಜಾಸ್ತಿ ಇರುವ ಕೋಶ ಮಾತ್ರ ಒದ್ದೆ. ಬ್ಲಾಕ್ ಅಳತೆ 64ರ ಗುಣಕ ಇರಲಿ. ಮೊದಲನೆಯದರಲ್ಲಿ ಸರಿ, ಎರಡನೆಯದರಲ್ಲಿ ಸೊನ್ನೆ ಬಂದರೆ ಮೇಲೆ ಹೇಳಿದ ಜೋಡಿ ತಪ್ಪು. ಮೊದಲನೆಯದರಲ್ಲಿ ಅರ್ಧ, ಎರಡನೆಯದರಲ್ಲಿ ಸೊನ್ನೆ ಬಂದರೆ ಬಿಟ್ ಕತ್ತರಿಸಿದ್ದು ಮಾತ್ರ ತಪ್ಪು. ಎರಡರಲ್ಲೂ ದುಪ್ಪಟ್ಟು ಬಂದರೆ 64 ಬಿಟ್ ಸರಿ ಇದೆ, ಮೊದಲ ಥ್ರೆಡ್‌ನ ಲೆಕ್ಕ ಮಾತ್ರ ತಪ್ಪು. ಅಂಕಿಯೇ ದೋಷದ ಜಾಗ ಹೇಳುತ್ತದೆ.

ರಿಪೇರಿ? ಆ ಕರ್ನಲನ್ನೇ ತೆಗೆದು ಕೊಕ್ಕೋಸ್‌ನ ಪ್ಯಾರಲಲ್ ರೆಡ್ಯೂಸ್ ಹಾಕೋದು. ಪ್ರತಿ ಯಂತ್ರದಲ್ಲಿ ಹೇಗೆ ಕೂಡಬೇಕು ಅನ್ನೋದು ಲೈಬ್ರರಿಯ ತಲೆನೋವು. ಕೈಯಿಂದ ಬರೆದ ವಾರ್ಪ್ ತಂತ್ರಗಳು ಎನ್‌ವಿಡಿಯಾ ಒಳಗೇ ಮುರಿದ ಉದಾಹರಣೆ ಇದೆ. 2017ರ ವೋಲ್ಟಾದಿಂದ ವಾರ್ಪ್‌ನ ಥ್ರೆಡ್‌ಗಳು ಒಂದೇ ಹೆಜ್ಜೆಯಲ್ಲಿ ಹೋಗುತ್ತವೆ ಅನ್ನೋ ಖಾತ್ರಿ ಇಲ್ಲ. ಸಿಂಕ್ (ಥ್ರೆಡ್‌ಗಳು ಒಂದಕ್ಕೊಂದು ಕಾಯುವ ಸೂಚನೆ) ಬಿಟ್ಟು ಬರೆದ ಹಳೆಯ ಕೋಡ್‌ಗಳನ್ನು ಆಗ ತಿದ್ದಬೇಕಾಯಿತು. ಇಂಟೆಲ್ ಜಿಪಿಯುಗಳಲ್ಲಿ ಗುಂಪಿನ ಅಳತೆ 16 ಕೂಡ ಆಗಬಹುದು, 32 ಕೂಡ ಆಗಬಹುದು. ಕೋಡ್‌ನಲ್ಲಿ ಬರೀ 32, 31, 5 ಅನ್ನೋ ಅಂಕಿಗಳನ್ನು ಗ್ರೆಪ್ ಹಾಕಿ ಹುಡುಕಿ. 5 ಯಾಕೆಂದರೆ, 32ರಿಂದ ಭಾಗಿಸುವ ಬದಲು ಐದು ಬಿಟ್ ಸರಿಸಿರುತ್ತಾರೆ.

ಎರಡನೆಯ ದೂರು ನಕಾಶೆಯದ್ದು. ಸಿಪಿಯು ಮೇಲೆ ಓಡಿಸಿದರೆ ನದಿ ಸರಿಯಾದ ಜಾಗದಲ್ಲಿ. ಜಿಪಿಯು ಮೇಲೆ ಓಡಿಸಿದರೆ ಉತ್ತರ ಪೂರ್ವವಾಗಿ, ಪೂರ್ವ ಉತ್ತರವಾಗಿ ನದಿ ಅಡ್ಡ ತಿರುಗಿತ್ತು. ಕಾರಣ ಅರೇ ಜೋಡಣೆ. ವ್ಯೂ ಅನ್ನೋ ಕೊಕ್ಕೋಸ್ ಅರೇ ಸಿಪಿಯುನಲ್ಲಿ ಲೇಔಟ್ ರೈಟ್ ಹಿಡಿಯುತ್ತದೆ, ಅಂದರೆ ಕೊನೆಯ ಸೂಚ್ಯಂಕ ಮೆಮೊರಿಯಲ್ಲಿ ಪಕ್ಕಪಕ್ಕ. ಜಿಪಿಯುನಲ್ಲಿ ಲೇಔಟ್ ಲೆಫ್ಟ್, ಫೋರ್ಟ್ರಾನ್ ಹಾಗೆ ಮೊದಲ ಸೂಚ್ಯಂಕ ಪಕ್ಕಪಕ್ಕ. ಸೂಚ್ಯಂಕ ಬಳಸಿ ಓದಿದರೆ ಏನೂ ತೊಂದರೆ ಇಲ್ಲ. ಕಚ್ಚಾ ಪಾಯಿಂಟರ್ ತೆಗೆದು ಫೈಲ್‌ಗೆ ಸುರಿದರೆ ಮಾತ್ರ ತಿರುವುಮುರುವು. ಸಿಪಿಯುಗೆ ತಂದ ಮಿರರ್ ಪ್ರತಿ ಕೂಡ ಜಿಪಿಯುವಿನ ಜೋಡಣೆಯನ್ನೇ ಉಳಿಸಿಕೊಳ್ಳುತ್ತದೆ. ಇದು ಬಹಳ ಜನಕ್ಕೆ ಗೊತ್ತಿರೋದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಕೋಶ ಐ, ಜೆಗೆ 1000 ಐ + ಜೆ ಅಂತ ತುಂಬಿಸಿ ಫೈಲ್‌ಗೆ ಬರೆಯಿರಿ. ಮೊದಲ ಕೆಲವು ಸಂಖ್ಯೆ ನೋಡಿದರೆ ಸಾಕು. 0, 1, 2 ಬಂದರೆ ಒಂದು ಜೋಡಣೆ, 0, 1000, 2000 ಬಂದರೆ ಇನ್ನೊಂದು. ಪರೀಕ್ಷೆಯ ಜಾಲರಿ ಯಾವತ್ತೂ ಚೌಕ ಇರಬಾರದು. 101 ಮತ್ತು 67ರಂಥ ಅಳತೆ ಇಟ್ಟುಕೊಳ್ಳಿ. ಚೌಕ ಅಲ್ಲದಿದ್ದರೆ ತಿರುಗಿದ್ದು ಮುಚ್ಚಿಕೊಳ್ಳೋದಿಲ್ಲ. 32, 64ರ ಗುಣಕ ಅಲ್ಲದ್ದರಿಂದ ಅಂಚಿನ ದೋಷಗಳೂ ಹೊರಗೆ ಬರುತ್ತವೆ. ಕೊಕ್ಕೋಸನ್ನು ಬೌಂಡ್ಸ್ ಚೆಕ್ ಆಯ್ಕೆ ಹಾಕಿ ಒಮ್ಮೆ ಕಟ್ಟಿ ಓಡಿಸಿದರೆ ಅರೇ ದಾಟಿ ಹೋದದ್ದೂ ಸಿಗುತ್ತದೆ.

ಈ ದೋಷವನ್ನು ಹುಡುಗರು ತಿದ್ದಿದ ರೀತಿಯೇ ಮುಂದಿನ ದೋಷಕ್ಕೆ ಕಾರಣವಾಯಿತು. ಅದನ್ನು ವೇಗದ ಭಾಗದಲ್ಲಿ ಹೇಳುತ್ತೇನೆ.

ಆರ್ಮ್ ಸಿಪಿಯುಗೆ ಹೋಗುವವರು ಇನ್ನೆರಡು ನೋಡಿಕೊಳ್ಳಿ. ಎಕ್ಸ್86 (ಇಂಟೆಲ್, ಎಎಂಡಿ ಸಿಪಿಯುಗಳ ಬಗೆ) ತಾನು ಮೆಮೊರಿಗೆ ಬರೆದದ್ದನ್ನು ಬೇರೆ ಕೋರ್‌ಗಳಿಗೆ ಬರೆದ ಕ್ರಮದಲ್ಲೇ ತೋರಿಸುತ್ತದೆ. ಆರ್ಮ್ ಆ ಖಾತ್ರಿ ಕೊಡೋದಿಲ್ಲ. ಅಟಾಮಿಕ್ ಇಲ್ಲದ ಸಾಮಾನ್ಯ ಫ್ಲ್ಯಾಗ್ ಇಟ್ಟು ‘ಡೇಟಾ ತಯಾರಾಯಿತು’ ಅಂತ ಹೇಳುವ ಕೋಡ್ ಇಂಟೆಲ್ ಮೇಲೆ ವರ್ಷಗಟ್ಟಲೆ ನಡೆದು ಆರ್ಮ್ ಮೇಲೆ ಬೀಳಬಹುದು. ಇಂಥ ದೋಷ ಹುಡುಕುವ ಥ್ರೆಡ್ ಸ್ಯಾನಿಟೈಸರ್ ಹಾಕಿ ನೋಡಿ. ಜಿಪಿಯುನ ಹಂಚಿಕೆಯ ಮೆಮೊರಿಗೆ ಎನ್‌ವಿಡಿಯಾದ ಕಂಪ್ಯೂಟ್ ಸ್ಯಾನಿಟೈಸರ್‌ನಲ್ಲಿ ರೇಸ್‌ಚೆಕ್ ಇದೆ. ಇನ್ನೊಂದು, ಲಿನಕ್ಸ್‌ನಲ್ಲಿ ಬರೀ ಚಾರ್ ಅಂತ ಬರೆದರೆ ಎಕ್ಸ್86ನಲ್ಲಿ ಅದಕ್ಕೆ ಮೈನಸ್ ಚಿಹ್ನೆ ಉಂಟು, ಆರ್ಮ್‌ನಲ್ಲಿ ಇಲ್ಲ. ‘ಡೇಟಾ ಇಲ್ಲ’ ಅನ್ನೋದಕ್ಕೆ ಮೈನಸ್ ಒಂದು ಇಟ್ಟಿದ್ದರೆ ಅಲ್ಲಿ ಅದು 255 ಆಗುತ್ತದೆ.

ಉತ್ತರ ಸರಿ, ವೇಗ ಇಲ್ಲ

‘ನಿಧಾನ’ ಅನ್ನೋದಕ್ಕೆ ಒಂದು ಅಂಕಿ ಬೇಕು. ಯಾವುದಕ್ಕೆ ಹೋಲಿಸಿ ನಿಧಾನ? ಪಕ್ಕದ ಯಂತ್ರಕ್ಕಲ್ಲ, ಇದೇ ಯಂತ್ರ ಕೊಡಬಲ್ಲ ಗರಿಷ್ಠಕ್ಕೆ.

ಮೊದಲು ಅಳತೆ ಸರಿ ಇರಲಿ. ಜಿಪಿಯು ಕರ್ನಲ್ ಕರೆದ ತಕ್ಷಣ ಸಿಪಿಯು ಮುಂದೆ ಹೋಗುತ್ತದೆ. ಗಡಿಯಾರ ನಿಲ್ಲಿಸುವ ಮೊದಲು ಫೆನ್ಸ್ (ಜಿಪಿಯು ಮುಗಿಸುವವರೆಗೆ ಕಾಯುವ ಕರೆ) ಹಾಕದಿದ್ದರೆ ನೀವು ಅಳೆದದ್ದು ಕರೆ ಕಳಿಸಿದ ಸಮಯ ಮಾತ್ರ. ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ತಯಾರಿಯ ಖರ್ಚು ಸೇರಿರುತ್ತದೆ. ಕೊಕ್ಕೋಸ್ ಟೂಲ್ಸ್‌ನ ಕರ್ನಲ್ ಟೈಮರ್ ಲೈಬ್ರರಿಯನ್ನು ಪರಿಸರ ವೇರಿಯಬಲ್‌ನಲ್ಲಿ ಕೊಟ್ಟರೆ ಕೋಡ್ ಮುಟ್ಟದೆಯೇ ಕರ್ನಲ್ ಕರ್ನಲ್‌ಗೆ ಸಮಯ ಸಿಗುತ್ತದೆ. ಅದಕ್ಕಾಗಿ ಪ್ರತಿ ಪ್ಯಾರಲಲ್ ಫಾರ್‌ಗೂ ಹೆಸರು ಕೊಟ್ಟಿರಿ.

ಈಗ ಲೆಕ್ಕ. ನಮ್ಮ ಮುಖ್ಯ ಕರ್ನಲ್ ಪ್ರತಿ ಕೋಶಕ್ಕೆ ನಾಲ್ಕು ಡಬಲ್ (ಎಂಟು ಬೈಟ್‌ನ ದಶಮಾಂಶ ಸಂಖ್ಯೆ) ಓದುತ್ತದೆ, ಮೂರು ಬರೆಯುತ್ತದೆ. ಏಳು ಎಂಟಲೆ 56 ಬೈಟ್. ಪಕ್ಕದ ಕೋಶಗಳು ಕ್ಯಾಶ್‌ನಿಂದಲೇ ಬಂದರೂ ಇದಕ್ಕಿಂತ ಕಡಿಮೆ ಆಗೋದಿಲ್ಲ. 4000 × 4000 ಜಾಲರಿಗೆ 1.6 ಕೋಟಿ ಕೋಶ, ಅಂದರೆ 896 ಮೆಗಾಬೈಟ್. 40 ಗಿಗಾಬೈಟ್‌ನ ಎ100 ಸೆಕೆಂಡಿಗೆ 1555 ಗಿಗಾಬೈಟ್ ಸಾಗಿಸುತ್ತದೆ. ಕನಿಷ್ಠ ಸಮಯ 0.58 ಮಿಲಿಸೆಕೆಂಡ್. ಎಂಐ250ಎಕ್ಸ್‌ನ ಒಂದು ಚಿಪ್‌ಗೆ ಸುಮಾರು 0.56. ಸಾಕೆಟ್‌ಗೆ ಎಂಟು ಚಾನೆಲ್ ಡಿಡಿಆರ್4-3200 ಮೆಮೊರಿ ಇರುವ ಎರಡು ಸಾಕೆಟ್ ಸಿಪಿಯುಗೆ ಒಟ್ಟು 409.6 ಗಿಗಾಬೈಟ್, ಹಾಗಾಗಿ 2.2 ಮಿಲಿಸೆಕೆಂಡ್.

ಇದು ಕಾಗದದ ಗರಿಷ್ಠ. ನಿಜವಾದ ಗರಿಷ್ಠಕ್ಕೆ ಅದೇ ಯಂತ್ರದಲ್ಲಿ ಮೆಮೊರಿ ವೇಗ ಅಳೆಯುವ ಬೇಬಲ್‌ಸ್ಟ್ರೀಮ್‌ನ ಟ್ರಯಾಡ್ ಪರೀಕ್ಷೆ ಓಡಿಸಿ ಅಂಕಿ ಬರೆದಿಟ್ಟುಕೊಳ್ಳಿ. ಈಗ ಮಾತು ಸ್ಪಷ್ಟ ಆಗುತ್ತದೆ. ಸಿಪಿಯು ಮೇಲೆ 3 ಮಿಲಿಸೆಕೆಂಡ್ ಬಂದರೆ ಅದು ಚೆನ್ನಾಗಿಯೇ ಓಡುತ್ತಿದೆ, ಜಿಪಿಯುಗಿಂತ ಐದು ಪಟ್ಟು ನಿಧಾನ ಕಂಡರೂ. ಎಎಂಡಿ ಚಿಪ್ ಮೇಲೆ 5 ಮಿಲಿಸೆಕೆಂಡ್ ಬಂದರೆ ಅಲ್ಲಿ ದೋಷ ಇದೆ.

ವೇಗಕ್ಕೆ ಮಿತಿ ಮೆಮೊರಿಯೋ ಲೆಕ್ಕಾಚಾರವೋ ಅಂತಲೂ ನೋಡಬೇಕು. ಅದಕ್ಕೆ ರೂಫ್‌ಲೈನ್ ಲೆಕ್ಕ ಸಾಕು. 2009ರಲ್ಲಿ ವಿಲಿಯಮ್ಸ್, ವಾಟರ್‌ಮನ್, ಪ್ಯಾಟರ್ಸನ್ ಹೇಳಿದ್ದು. ಒಂದು ಕೋಶಕ್ಕೆ 150 ಲೆಕ್ಕಾಚಾರ ಅಂದುಕೊಳ್ಳಿ. 56ರಿಂದ ಭಾಗಿಸಿದರೆ ಬೈಟಿಗೆ 2.7. ಎ100ನಲ್ಲಿ ಡಬಲ್ ಲೆಕ್ಕಾಚಾರ 9.7 ಟೆರಾಫ್ಲಾಪ್ (ಸೆಕೆಂಡಿಗೆ 9.7 ಲಕ್ಷ ಕೋಟಿ). ಅದನ್ನು ಮೆಮೊರಿ ವೇಗದಿಂದ ಭಾಗಿಸಿದರೆ 6.2. ಬೈಟಿಗೆ ಇಷ್ಟನ್ನು ದಾಟಿದರೆ ಮಾತ್ರ ಲೆಕ್ಕಾಚಾರ ಮಿತಿ ಆಗುತ್ತದೆ. ನಮ್ಮದು ಅದಕ್ಕಿಂತ ಕೆಳಗೆ, ಹಾಗಾಗಿ ಮೆಮೊರಿಯೇ ಮಿತಿ. ಇದೇ ಕೋಡನ್ನು ಹಾಸ್ಟೆಲ್‌ನಲ್ಲಿ ಆರ್‌ಟಿಎಕ್ಸ್ 3060 ಗೇಮಿಂಗ್ ಕಾರ್ಡ್ ಮೇಲೆ ಓಡಿಸಿದರೆ ಕಥೆ ಬೇರೆ. ಅಲ್ಲಿ ಡಬಲ್ ವೇಗ ಸಿಂಗಲ್‌ನ (ನಾಲ್ಕು ಬೈಟ್‌ನ ಸಂಖ್ಯೆಯ) 64ನೇ ಒಂದು ಭಾಗ ಮಾತ್ರ. ಅದರ ಮಿತಿ ಬೈಟಿಗೆ ಸುಮಾರು 0.55ಕ್ಕೇ ಬರುತ್ತದೆ. ಅಲ್ಲಿ ಮೆಮೊರಿ ಸುಧಾರಿಸಿ ಪ್ರಯೋಜನ ಇಲ್ಲ, ಆ ಕಾರ್ಡ್ ಮೇಲೆ ಅಳೆದು ಕೋಡ್ ಟ್ಯೂನ್ ಮಾಡಬೇಡಿ.

ಮುಠಾ ಕೋಡ್ ಎರಡೂ ಜಿಪಿಯುಗಳಲ್ಲಿ ಗರಿಷ್ಠದಿಂದ ಬಹಳ ದೂರ ಇತ್ತು. ಕಾರಣ ಆ ನಕಾಶೆಯ ತಿದ್ದುಪಡಿ. ಫೈಲ್ ಸರಿ ಬರಲಿ ಅಂತ ಎಲ್ಲ ವ್ಯೂಗಳಿಗೂ ಲೇಔಟ್ ರೈಟ್ ಅಂತ ಬರೆದು ಬಿಗಿದಿದ್ದರು. ನದಿ ನೆಟ್ಟಗಾಯಿತು, ವೇಗ ಬಿದ್ದುಹೋಯಿತು.

ಜಿಪಿಯು ಮೆಮೊರಿ ಓದುವುದು ಪಂಕ್ತಿ ಊಟದಲ್ಲಿ ಬಡಿಸುವ ಹಾಗೆ. ಪಕ್ಕಪಕ್ಕ ಕೂತವರಿಗೆ ಪಕ್ಕಪಕ್ಕದ ಎಲೆ ಇದ್ದರೆ ಒಂದೇ ಸುತ್ತಿನಲ್ಲಿ ಬಡಿಸಿ ಮುಗಿಯುತ್ತದೆ. ಎನ್‌ವಿಡಿಯಾದಲ್ಲಿ ಮೆಮೊರಿ 32 ಬೈಟ್‌ನ ಸೆಕ್ಟರ್‌ಗಳಾಗಿ ಬರುತ್ತದೆ. ಒಂದು ವಾರ್ಪ್‌ನ 32 ಥ್ರೆಡ್‌ಗಳು ಸಾಲಾಗಿರುವ 32 ಡಬಲ್ ಓದಿದರೆ 256 ಬೈಟ್, ಅಂದರೆ 8 ಸೆಕ್ಟರ್. ಪ್ರತಿ ಥ್ರೆಡ್ ಬೇರೆ ಬೇರೆ ಸಾಲಿನಿಂದ ಓದಿದರೆ 32 ಸೆಕ್ಟರ್ ತರಿಸಿ ನಾಲ್ಕನೇ ಒಂದು ಭಾಗ ಮಾತ್ರ ಬಳಸಿದ ಹಾಗೆ. ಎನ್‌ವಿಡಿಯಾದ ಅಳತೆ ಸಾಧನ ಎನ್‌ಸೈಟ್ ಕಂಪ್ಯೂಟ್‌ನಲ್ಲಿ ಒಂದು ರಿಕ್ವೆಸ್ಟ್‌ಗೆ ಎಷ್ಟು ಸೆಕ್ಟರ್ ಅನ್ನೋ ಅಂಕಿ ನೇರವಾಗಿ ಸಿಗುತ್ತದೆ. 8 ಇರಬೇಕಾದ ಕಡೆ 32 ಕಂಡರೆ ಬೇರೆ ಸಾಕ್ಷಿ ಬೇಡ.

ಸರಿಯಾದ ರಿಪೇರಿ ಫೈಲ್ ಬರೆಯುವ ಜಾಗದಲ್ಲಿ. ಜಿಪಿಯು ಅರೇಗೆ ಅದರ ಸಹಜ ಜೋಡಣೆಯನ್ನೇ ಬಿಡಿ. ಮೊದಲು ಮಿರರ್ ಮೂಲಕ ಸಿಪಿಯುಗೆ ತನ್ನಿ. ಆಮೇಲೆ ಸಿಪಿಯು ಒಳಗೆ ಲೇಔಟ್ ರೈಟ್ ಇರುವ ಇನ್ನೊಂದು ವ್ಯೂಗೆ ಡೀಪ್ ಕಾಪಿ ಮಾಡಿ, ಅದನ್ನು ಬರೆಯಿರಿ. ಎರಡನ್ನೂ ಒಂದೇ ಹೆಜ್ಜೆಯಲ್ಲಿ ಮಾಡಲು ಹೋದರೆ ಕೊಕ್ಕೋಸ್ ಒಪ್ಪೋದಿಲ್ಲ. ಲೂಪ್‌ಗಳಲ್ಲೂ ಇದೇ ಎಚ್ಚರ. ಕೊಕ್ಕೋಸ್‌ನ ಎಂಡಿ ರೇಂಜ್ (ಹಲವು ಸೂಚ್ಯಂಕದ ಲೂಪ್) ಬಳಸಿದರೆ ತಿರುಗುವ ಕ್ರಮವನ್ನು ಅದು ತಾನೇ ಯಂತ್ರಕ್ಕೆ ತಕ್ಕಂತೆ ಆರಿಸುತ್ತದೆ, ನೀವು ಇಟರೇಟ್ ರೈಟ್ ಅಂತ ಬಿಗಿಯದಿದ್ದರೆ. ಟೀಮ್ ಪಾಲಿಸಿಯಲ್ಲಿ ‘ಟೀಮಿಗೊಂದು ಸಾಲು, ಥ್ರೆಡ್‌ಗೊಂದು ಕಾಲಂ’ ಅಂತ ಬರೆದರೆ ಆಯ್ಕೆ ನಿಮ್ಮದೇ ಆಗುತ್ತದೆ, ಆಗ ಜೋಡಣೆಯ ಜೊತೆ ಅದು ಹೊಂದುತ್ತದೆಯೇ ನೋಡಿ.

ಎಎಂಡಿ ಮೇಲೆ ಮಾತ್ರ ನಿಧಾನ ಇದ್ದರೆ ಕುಡಾ_ಆರ್ಕ್ ಮ್ಯಾಕ್ರೋ ಹುಡುಕಿ. ‘ಆರ್ಕಿಟೆಕ್ಚರ್ 700 ಅಥವಾ ಮೇಲೆ ಇದ್ದರೆ ವೇಗದ ದಾರಿ, ಇಲ್ಲದಿದ್ದರೆ ಹಳೆಯ ದಾರಿ’ ಅಂತ ಬರೆದಿರುತ್ತಾರೆ. ಎಎಂಡಿಗೆ ಕಂಪೈಲ್ ಮಾಡುವಾಗ ಆ ಮ್ಯಾಕ್ರೋ ಇರೋದೇ ಇಲ್ಲ. ಕೋಡ್ ಸದ್ದಿಲ್ಲದೆ ಹಳೆಯ ದಾರಿ ಹಿಡಿಯುತ್ತದೆ. ದೊಡ್ಡ ಕರ್ನಲ್ ಆದರೆ ರಿಜಿಸ್ಟರ್ (ಚಿಪ್ ಒಳಗಿನ ಅತಿ ವೇಗದ ಜಾಗ) ಸಾಲದೆ ಮೆಮೊರಿಗೆ ಚೆಲ್ಲುತ್ತಿದೆಯೇ ನೋಡಿ. ಎನ್‌ವಿಡಿಯಾದಲ್ಲಿ ಒಂದು ಥ್ರೆಡ್‌ಗೆ ಗರಿಷ್ಠ 255 ರಿಜಿಸ್ಟರ್. ಎಷ್ಟು ಚೆಲ್ಲಿದೆ ಅಂತ ಎರಡೂ ಕಂಪನಿಗಳ ಕಂಪೈಲರ್‌ಗಳು ಕೇಳಿದರೆ ಹೇಳುತ್ತವೆ. ಚೆಲ್ಲುತ್ತಿದ್ದರೆ ಕರ್ನಲನ್ನು ಎರಡು ಮಾಡಿ ನೋಡಿ.

ಸಿಪಿಯು ಮೇಲಿನ ದೋಷದ ಗುರುತೇ ಬೇರೆ. ಒಂದು ಸಾಕೆಟ್‌ನಲ್ಲಿ ಎಷ್ಟು ಸಮಯವೋ ಎರಡು ಸಾಕೆಟ್‌ನಲ್ಲೂ ಅಷ್ಟೇ ಬಂದರೆ ಮೆಮೊರಿ ಪೂರ್ತಿ ಒಂದೇ ಕಡೆ ಕೂತಿದೆ. ಲಿನಕ್ಸ್‌ನಲ್ಲಿ ಯಾವ ಥ್ರೆಡ್ ಮೊದಲು ಬರೆಯುತ್ತದೋ ಅದರ ಸಾಕೆಟ್ ಪಕ್ಕದ ಮೆಮೊರಿಯಲ್ಲಿ ಆ ಪುಟ (ಮೆಮೊರಿ ಹಂಚುವ ತುಂಡು) ಕೂರುತ್ತದೆ. ನೆಲದ ಎತ್ತರದ ಫೈಲನ್ನು ಒಂದೇ ಥ್ರೆಡ್ ಓದಿ ಅರೇ ತುಂಬಿಸಿದರೆ ಎಲ್ಲ ಪುಟವೂ ಒಂದೇ ಕಡೆ. ನ್ಯೂಮಾಸ್ಟ್ಯಾಟ್ ಹಾಕಿ ನೋಡಿದರೆ ಗೊತ್ತಾಗುತ್ತದೆ. ಮೊದಲು ಎಲ್ಲ ಥ್ರೆಡ್‌ಗಳಿಂದ ಸೊನ್ನೆ ಬರೆಸಿ, ಆಮೇಲೆ ಫೈಲ್ ತುಂಬಿಸಿ. ಥ್ರೆಡ್‌ಗಳನ್ನು ಕೋರ್‌ಗೆ ಕಟ್ಟಿಹಾಕಿ. ಓಎಂಪಿ_ಪ್ರಾಕ್_ಬೈಂಡ್ ಕೊಡದಿದ್ದರೆ ಕೊಕ್ಕೋಸ್ ತಾನೇ ಎಚ್ಚರಿಸುತ್ತದೆ. ಆ ಸಾಲನ್ನು ಓದದೆ ಬಿಡಬೇಡಿ.

ಎಲ್ಲ ಯಂತ್ರ ಸೇರಿ ಒಂದು ಅಂಕಿ

ಪೆನ್ನಿಕುಕ್, ಸೀವಾಲ್, ಲೀ 2016ರಲ್ಲಿ ಒಂದು ಅಳತೆ ಕೊಟ್ಟರು. ಪ್ರತಿ ಯಂತ್ರದಲ್ಲಿ ಗರಿಷ್ಠದ ಶೇಕಡ ಎಷ್ಟು ಸಿಕ್ಕಿತು ನೋಡಿ, ಅವುಗಳ ಹಾರ್ಮೋನಿಕ್ ಸರಾಸರಿ ತೆಗೆಯಿರಿ. ಒಂದು ಯಂತ್ರದಲ್ಲಿ ಓಡದಿದ್ದರೂ ಉತ್ತರ ಸೊನ್ನೆ. 80, 70, 20 ಬಂದರೆ ಸಾಮಾನ್ಯ ಸರಾಸರಿ 57, ಇದರ ಪ್ರಕಾರ 39. ಕೆಟ್ಟದ್ದನ್ನು ಮುಚ್ಚಿಡಲು ಬಿಡೋದಿಲ್ಲ ಅನ್ನೋ ಕಾರಣಕ್ಕೆ ನನಗೆ ಇದು ಇಷ್ಟ. ಈ ಉದಾಹರಣೆಯಲ್ಲಿ 80ನ್ನು 90 ಮಾಡಿದರೂ ಈ ಸರಾಸರಿ 40ಕ್ಕೆ ಮಾತ್ರ ಏರುತ್ತದೆ. 20ನ್ನು 40 ಮಾಡಿದರೆ 58 ಆಗುತ್ತದೆ. ಮುಂದಿನ ವಾರದ ಕೆಲಸ ಯಾವ ಯಂತ್ರದ ಮೇಲೆ ಅನ್ನೋದು ಇಲ್ಲೇ ತೀರ್ಮಾನ ಆಗುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ಕರ್ನಲ್ ಒಂದು ಯಂತ್ರದಲ್ಲಿ ಹಿಂದೆ ಉಳಿದರೆ, ಆ ಒಂದಕ್ಕೆ ಮಾತ್ರ ಪ್ರತ್ಯೇಕ ಆವೃತ್ತಿ ಬರೆಯಿರಿ. ಎಲ್ಲ ಕಡೆ ಓಡುವ ಆವೃತ್ತಿಯನ್ನು ಅಳಿಸಬೇಡಿ. ಪರೀಕ್ಷೆಯಲ್ಲಿ ಎರಡನ್ನೂ ಓಡಿಸಿ, 101 × 67ರ ಅದೇ ಜಾಲರಿಯ ಮೇಲೆ ಒಂದನ್ನು ಇನ್ನೊಂದರ ಜೊತೆ ಹೋಲಿಸಿ.

ಬೇರೆಯವರಿಗೆ ದೋಷ ತೋರಿಸುವಾಗ ಇಷ್ಟನ್ನು ಜೊತೆಗೆ ಕೊಡಿ: ಕಾರ್ಡ್‌ನ ಹೆಸರು, ಕಂಪೈಲರ್ ಮತ್ತು ಕೊಕ್ಕೋಸ್ ಆವೃತ್ತಿ, ಪ್ರಿಂಟ್ ಕಾನ್ಫಿಗರೇಶನ್ ಕೊಟ್ಟದ್ದು ಪೂರ್ತಿ, ಅದೇ ಯಂತ್ರದ ಟ್ರಯಾಡ್ ಅಂಕಿ, ಕರ್ನಲ್‌ನ ಬೈಟ್ ಲೆಕ್ಕ ಮತ್ತು ಸಮಯ, ತಪ್ಪು ಕಾಣಿಸುವ ಅತಿ ಚಿಕ್ಕ ಜಾಲರಿ. ‘ಎಎಂಡಿ ಮೇಲೆ ಸರಿ ಬರುತ್ತಿಲ್ಲ’ ಅಂತ ಬರೀ ಒಂದು ಸಾಲು ಕಳಿಸಿದರೆ ಕೇಳಿದವರು ಇವನ್ನೇ ಒಂದೊಂದಾಗಿ ವಾಪಸ್ ಕೇಳಬೇಕಾಗುತ್ತದೆ.